ರೈಡರ್–ವೇಟ್–ಸ್ಮಿತ್ ಟ್ಯಾರೋ

ರೈಡರ್–ವೇಟ್–ಸ್ಮಿತ್ ಟ್ಯಾರೋ ಎಂಬುದು 1909ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, 78 ಎಲೆಗಳುಳ್ಳ ಟ್ಯಾರೋ ಕಾರ್ಡುಗಳ ಕಟ್ಟು. ಇದರ ಯೋಜನೆ ಲೇಖಕ ಆರ್ಥರ್ ಎಡ್ವರ್ಡ್ ವೇಟ್ (1857–1942) ಅವರದು. ಚಿತ್ರಗಳನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್ (1878–1951). ಪ್ರಕಾಶಕರು ವಿಲಿಯಂ ರೈಡರ್ ಅಂಡ್ ಸನ್ ಸಂಸ್ಥೆ. ಇಂಗ್ಲಿಷ್ ಬಲ್ಲ ಜಗತ್ತಿನಲ್ಲಿ ಟ್ಯಾರೋ ಎಂದೊಡನೆ ಸಾಮಾನ್ಯವಾಗಿ ನೆನಪಿಗೆ ಬರುವುದು ಇದೇ ಕಟ್ಟಿನ ಚಿತ್ರಗಳು. ಟ್ಯಾರೋ ಕಲಿಯಲು ತೊಡಗುವವರಿಗೆ ಮೊದಲ ಕಟ್ಟಾಗಿ ಅತಿ ಹೆಚ್ಚು ಶಿಫಾರಸು ಆಗುವುದೂ ಇದೇ.

ಈ ಕಟ್ಟಿಗೆ ದೀರ್ಘಕಾಲ ‘ರೈಡರ್–ವೇಟ್’ ಎಂಬ ಹೆಸರೇ ಬಳಕೆಯಲ್ಲಿತ್ತು. ಪ್ರಕಾಶಕರ ಹೆಸರು ಮತ್ತು ಯೋಜಕರ ಹೆಸರು ಎರಡೂ ಇದ್ದು, 78 ಚಿತ್ರಗಳನ್ನು ಬರೆದ ಕಲಾವಿದೆಯ ಹೆಸರು ಅದರಲ್ಲಿ ಇರಲಿಲ್ಲ. ಈ ಲೋಪವನ್ನು ಸರಿಪಡಿಸುವ ಉದ್ದೇಶದಿಂದ ಈಚಿನ ದಶಕಗಳ ಬರಹಗಾರರು ‘ರೈಡರ್–ವೇಟ್–ಸ್ಮಿತ್’ ಅಥವಾ ‘ವೇಟ್–ಸ್ಮಿತ್’ ಎಂಬ ಹೆಸರುಗಳನ್ನು ಬಳಸುತ್ತಾರೆ.

ಹಿನ್ನೆಲೆ

ಟ್ಯಾರೋ ಹುಟ್ಟಿದ್ದು ಭವಿಷ್ಯ ನುಡಿಯುವ ಸಾಧನವಾಗಿ ಅಲ್ಲ, ಆಟದ ಎಲೆಗಳಾಗಿ. ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಇಸ್ಪೀಟು ಎಲೆಗಳು ಈಜಿಪ್ಟಿನ ಮಮ್ಲೂಕ್ ಆಳ್ವಿಕೆಯ ಪ್ರದೇಶದಿಂದ ಯುರೋಪಿಗೆ ಬಂದವು. ಅವುಗಳಲ್ಲಿದ್ದ ಬಟ್ಟಲು, ನಾಣ್ಯ, ಕತ್ತಿ ಮತ್ತು ಪೋಲೋ ಕೋಲು ಎಂಬ ನಾಲ್ಕು ವರ್ಗಗಳೇ ಇಟಲಿಯ ಎಲೆಗಳಲ್ಲಿಯೂ ಉಳಿದವು. ಪೋಲೋ ಆಟದ ಪರಿಚಯವಿಲ್ಲದ ಯುರೋಪಿನಲ್ಲಿ ಪೋಲೋ ಕೋಲು ಮಾತ್ರ ಬರಿಯ ದಂಡವಾಯಿತು. 1440ರ ಸುಮಾರಿಗೆ ಉತ್ತರ ಇಟಲಿಯಲ್ಲಿ ಈ ಎಲೆಗಳಿಗೆ ಚಿತ್ರಗಳುಳ್ಳ ತುರುಫಿನ ಎಲೆಗಳ ಸಾಲೊಂದನ್ನು ಸೇರಿಸಲಾಯಿತು. ಮಿಲಾನಿನ ವಿಸ್ಕೊಂಟಿ ಮತ್ತು ಸ್ಫೋರ್ಜಾ ಮನೆತನಗಳಿಗಾಗಿ ಚಿನ್ನದ ಹಾಳೆ ಬಳಸಿ ಕೈಯಿಂದ ಬರೆದ ಕಟ್ಟುಗಳು ಈ ಕಾಲದವು. ಅವುಗಳಿಂದ ಆಡುತ್ತಿದ್ದ ಆಟ ಇಂದಿಗೂ ಫ್ರಾನ್ಸ್, ಆಸ್ಟ್ರಿಯಾ, ಇಟಲಿಗಳಲ್ಲಿ ಜೀವಂತವಾಗಿದೆ. ಫ್ರಾನ್ಸಿನಲ್ಲಿ ‘ಟ್ಯಾರೋ’ ಎಂದರೆ ಇಂದಿಗೂ ಬಹುಮಂದಿಗೆ ಒಂದು ಇಸ್ಪೀಟು ಆಟವಷ್ಟೇ. ಉಳಿದುಬಂದಿರುವ ಮಮ್ಲೂಕ್ ಎಲೆಗಳ ಬರಹದಲ್ಲಿ ‘ಕಂಜೀಫಾ’ ಎಂಬ ಪದ ಕಾಣುತ್ತದೆ. ಮೈಸೂರಿನ ಗಂಜೀಫಾ ಎಲೆಗಳ ಹೆಸರೂ ಇದೇ ಪದದ ರೂಪ. ಆದರೆ ದೇವತೆಗಳ ಚಿತ್ರಗಳುಳ್ಳ ಮೈಸೂರು ಗಂಜೀಫಾ ಬೇರೆಯೇ ಪರಂಪರೆಗೆ ಸೇರಿದ ಆಟದ ಎಲೆ. ಅದನ್ನು ‘ಭಾರತದ ಟ್ಯಾರೋ’ ಎಂದು ಕರೆಯುವುದು ಸರಿಯಲ್ಲ.

ಟ್ಯಾರೋ ಎಲೆಗಳಿಗೆ ಗೂಢಾರ್ಥವಿದೆ ಎಂಬ ಮಾತು ಶುರುವಾದದ್ದು 1781ರಲ್ಲಿ. ಫ್ರಾನ್ಸಿನ ಆಂಟ್ವಾನ್ ಕೂರ್ ದ ಜೆಬೆಲಾಂ ಎಂಬ ವಿದ್ವಾಂಸರು ಈ ಎಲೆಗಳು ಪ್ರಾಚೀನ ಈಜಿಪ್ಟಿನ ಪುರೋಹಿತರ ಜ್ಞಾನಗ್ರಂಥದ ಅವಶೇಷಗಳೆಂದು ಬರೆದರು. ಈಜಿಪ್ಟಿನ ಚಿತ್ರಲಿಪಿಯನ್ನು ಆಗ ಯಾರೂ ಓದಬಲ್ಲವರಾಗಿರಲಿಲ್ಲ. ಶಾಂಪೋಲಿಯೋ ಅದನ್ನು ಬಿಡಿಸಿದ್ದು 1822ರಲ್ಲಿ. ಈಜಿಪ್ಟಿನ ಮೂಲಕ್ಕೆ ಯಾವ ಆಧಾರವೂ ದೊರೆಯಲಿಲ್ಲವಾದರೂ ಕಥೆ ಮಾತ್ರ ಉಳಿಯಿತು, ಈಗಲೂ ಕಟ್ಟುಗಳ ಜೊತೆ ಬರುವ ಕೆಲವು ಕಿರುಪುಸ್ತಿಕೆಗಳಲ್ಲಿ ಅಚ್ಚಾಗುತ್ತಿದೆ. ಜೆಬೆಲಾಂ ಅವರ ಬಳಿಕ ‘ಎತ್ತೇಯ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜಾಂ ಬಾಪ್ತಿಸ್ತ್ ಅಲಿಯೆತ್ ಭವಿಷ್ಯ ಹೇಳುವುದಕ್ಕೆಂದೇ ಒಂದು ಕಟ್ಟನ್ನು ಸಿದ್ಧಪಡಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಎಲಿಫಾಸ್ ಲೇವಿ 22 ತುರುಫಿನ ಎಲೆಗಳನ್ನು ಹೀಬ್ರೂ ಲಿಪಿಯ 22 ಅಕ್ಷರಗಳೊಡನೆ ಜೋಡಿಸಿದರು. ಈ ವಿಚಾರಗಳನ್ನೆಲ್ಲ ಒಂದುಗೂಡಿಸಿದ್ದು 1888ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ‘ಹರ್ಮೆಟಿಕ್ ಆರ್ಡರ್ ಆಫ್ ದ ಗೋಲ್ಡನ್ ಡಾನ್’ ಎಂಬ ಗುಪ್ತ ಸಂಘ. ವೇಟ್ ಮತ್ತು ಸ್ಮಿತ್ ಇಬ್ಬರೂ ಅದರ ಸದಸ್ಯರಾಗಿದ್ದರು.

ರಚನೆ

ಪಮೇಲಾ ಕೋಲ್ಮನ್ ಸ್ಮಿತ್ ಲಂಡನ್ನಿನಲ್ಲಿ ಅಮೆರಿಕನ್ ತಂದೆತಾಯಿಗಳಿಗೆ ಜನಿಸಿದರು. ಬಾಲ್ಯದ ಕೆಲವು ವರ್ಷಗಳನ್ನು ಜಮೈಕಾದಲ್ಲಿ ಕಳೆದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಪ್ರ್ಯಾಟ್ ಇನ್‌ಸ್ಟಿಟ್ಯೂಟಿನಲ್ಲಿ ಚಿತ್ರಕಲೆ ಕಲಿತರು. ಲಂಡನ್ನಿಗೆ ಮರಳಿದ ಮೇಲೆ ನಟಿ ಎಲೆನ್ ಟೆರಿ ಮತ್ತು ಹೆನ್ರಿ ಇರ್ವಿಂಗ್ ಅವರ ಲೈಸಿಯಂ ರಂಗಮಂದಿರದ ಬಳಗಕ್ಕೆ ಹತ್ತಿರವಾದರು. ವೇಷಭೂಷಣ, ರಂಗಸಜ್ಜಿಕೆಗಳ ಈ ಅನುಭವ ಟ್ಯಾರೋ ಚಿತ್ರಗಳಲ್ಲಿ ಎದ್ದು ಕಾಣುತ್ತದೆ: ಹಲವು ಎಲೆಗಳಲ್ಲಿ ಪಾತ್ರಗಳು ಸಪಾಟಾದ ನೆಲದ ಮೇಲೆ, ಹಿಂದೆ ಬರೆದ ಪರದೆಯಂಥ ಹಿನ್ನೆಲೆಯ ಮುಂದೆ, ವೇದಿಕೆಯಲ್ಲಿ ನಿಂತಂತೆ ನಿಂತಿವೆ. 1907ರಲ್ಲಿ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ನ್ಯೂಯಾರ್ಕಿನ ತಮ್ಮ ಗ್ಯಾಲರಿಯಲ್ಲಿ ಸ್ಮಿತ್ ಅವರ ಚಿತ್ರಗಳನ್ನು ಪ್ರದರ್ಶಿಸಿದರು. ಆ ಗ್ಯಾಲರಿಯಲ್ಲಿ ನಡೆದ, ಛಾಯಾಚಿತ್ರವಲ್ಲದ ಕೃತಿಗಳ ಮೊದಲ ಪ್ರದರ್ಶನ ಅದು.

1909ರಲ್ಲಿ ವೇಟ್ ಟ್ಯಾರೋ ಕೆಲಸವನ್ನು ಅವರಿಗೆ ಒಪ್ಪಿಸಿದರು. ಕೆಲವೇ ತಿಂಗಳುಗಳಲ್ಲಿ ಅದು ಮುಗಿಯಿತು. ಅದೇ ವರ್ಷದ ನವೆಂಬರಿನಲ್ಲಿ ಸ್ಟೀಗ್ಲಿಟ್ಸ್ ಅವರಿಗೆ ಬರೆದ ಪತ್ರದಲ್ಲಿ ಸ್ಮಿತ್, ದೊಡ್ಡದೊಂದು ಕೆಲಸವನ್ನು ತೀರ ಅಲ್ಪ ಹಣಕ್ಕೆ ಮಾಡಿ ಮುಗಿಸಿದ್ದಾಗಿ ತಿಳಿಸಿದ್ದಾರೆ. ಮುಂದೆ ಲಕ್ಷಗಟ್ಟಲೆ ಮಾರಾಟವಾದ ಈ ಕಟ್ಟಿನಿಂದ ಅವರಿಗೆ ಗೌರವಧನದ ಪಾಲು ಬಂದಿತೆಂಬುದಕ್ಕೆ ದಾಖಲೆಯಿಲ್ಲ. 1911ರಲ್ಲಿ ಅವರು ಕ್ಯಾಥೊಲಿಕ್ ಮತಕ್ಕೆ ಸೇರಿದರು. ನಂತರ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ನೆಲೆಸಿ, 1951ರ ಸೆಪ್ಟೆಂಬರ್ 18ರಂದು ಬ್ಯೂಡ್ ಎಂಬ ಊರಿನಲ್ಲಿ ಸಾಲದ ಸ್ಥಿತಿಯಲ್ಲಿಯೇ ನಿಧನರಾದರು. ಟ್ಯಾರೋ ಕಟ್ಟಿನ ಮೂಲಚಿತ್ರಗಳು ಇದುವರೆಗೆ ಪತ್ತೆಯಾಗಿಲ್ಲ. ಪ್ರತಿಯೊಂದು ಎಲೆಯ ಕೆಳಭಾಗದ ಮೂಲೆಯ ಬಳಿ, ಹಾವಿನಂತೆ ಸುತ್ತಿಕೊಂಡ ಅವರ ಹೆಸರಿನ ಮೊದಲಕ್ಷರಗಳ ಗುರುತು ಮಾತ್ರ ಇದೆ.

ಎಲೆಗಳ ವಿಂಗಡಣೆ

ಕಟ್ಟಿನಲ್ಲಿ 22 ‘ಮೇಜರ್ ಆರ್ಕಾನ’ ಮತ್ತು 56 ‘ಮೈನರ್ ಆರ್ಕಾನ’ ಎಲೆಗಳಿವೆ. ಮೊದಲ ಗುಂಪು ಸೊನ್ನೆಯ ಅಂಕಿಯುಳ್ಳ ‘ಮೂಢ’ನಿಂದ 21ನೆಯ ‘ಜಗತ್ತಿ’ನವರೆಗೆ ಸಾಗುತ್ತದೆ. ಎರಡನೆಯ ಗುಂಪು ದಂಡ, ಬಟ್ಟಲು, ಕತ್ತಿ, ಪೆಂಟಕಲ್ ಎಂಬ ನಾಲ್ಕು ವರ್ಗಗಳದ್ದು. ಪ್ರತಿ ವರ್ಗದಲ್ಲಿ ಎಕ್ಕದಿಂದ ಹತ್ತರವರೆಗಿನ ಎಲೆಗಳೂ ಪೇಜ್, ಅಶ್ವಾರೋಹಿ, ರಾಣಿ, ರಾಜ ಎಂಬ ನಾಲ್ಕು ಆಸ್ಥಾನದ ಎಲೆಗಳೂ ಇರುತ್ತವೆ. ಹಳೆಯ ಕಟ್ಟುಗಳ ನಾಣ್ಯ ಇಲ್ಲಿ ಐದು ಮೂಲೆಯ ನಕ್ಷತ್ರ ಕೆತ್ತಿದ ಪೆಂಟಕಲ್ ಆಗಿದೆ. ‘ಪೋಪ್’ ಎಂಬ ಎಲೆ ‘ಹೈರೋಫ್ಯಾಂಟ್’ ಆಗಿಯೂ ‘ಸ್ತ್ರೀ ಪೋಪ್’ ಎಂಬುದು ‘ಪ್ರಧಾನ ಪೂಜಾರಿಣಿ’ಯಾಗಿಯೂ ಬದಲಾಗಿವೆ.

ಕಲಿಯುವವರು ಗೊಂದಲಕ್ಕೀಡಾಗುವ ಬದಲಾವಣೆ ಇನ್ನೊಂದಿದೆ. ಹಳೆಯ ಫ್ರೆಂಚ್ ಕಟ್ಟುಗಳಲ್ಲಿ ‘ನ್ಯಾಯ’ 8ನೆಯದು, ‘ಬಲ’ 11ನೆಯದು. ವೇಟ್ ಇವೆರಡನ್ನು ಅದಲುಬದಲು ಮಾಡಿದರು. ರಾಶಿಚಕ್ರದ ಕ್ರಮಕ್ಕೆ ಎಲೆಗಳನ್ನು ಹೊಂದಿಸುವ ಗೋಲ್ಡನ್ ಡಾನ್ ಪದ್ಧತಿಯಲ್ಲಿ ಸಿಂಹಕ್ಕೆ ಸಂಬಂಧಿಸಿದ ‘ಬಲ’ ಮೊದಲು, ತುಲಾಕ್ಕೆ ಸಂಬಂಧಿಸಿದ ‘ನ್ಯಾಯ’ ಆಮೇಲೆ ಬರಬೇಕಿತ್ತು. ಒಂದು ಕಟ್ಟಿನ ಪುಸ್ತಕವನ್ನು ಇಟ್ಟುಕೊಂಡು ಇನ್ನೊಂದು ಕಟ್ಟನ್ನು ಓದುವವರು ಈ ಎರಡು ಅಂಕಿಗಳಲ್ಲಿಯೇ ಮೊದಲು ಎಡವುತ್ತಾರೆ.

ಚಿತ್ರಗಳು

ಈ ಕಟ್ಟಿನ ನಿಜವಾದ ಹೊಸತನವಿರುವುದು ಮೇಜರ್ ಆರ್ಕಾನದಲ್ಲಲ್ಲ, ಎಕ್ಕದಿಂದ ಹತ್ತರವರೆಗಿನ 40 ಎಲೆಗಳಲ್ಲಿ. ಅದಕ್ಕೆ ಮುಂಚಿನ ಹೆಚ್ಚಿನ ಕಟ್ಟುಗಳಲ್ಲಿ ಈ ಎಲೆಗಳು ಇಸ್ಪೀಟಿನ ಎಲೆಗಳಂತೆಯೇ ಇದ್ದವು: ನಾಣ್ಯದ ಐದು ಎಂದರೆ ಬಳ್ಳಿಗಳ ನಡುವೆ ಐದು ನಾಣ್ಯಗಳು, ಅಷ್ಟೆ. ಸ್ಮಿತ್ ಅವರ ಪೆಂಟಕಲ್‌ನ ಐದರಲ್ಲಿ ಹಿಮ ಸುರಿಯುತ್ತಿದೆ. ಊರುಗೋಲು ಹಿಡಿದ ಒಬ್ಬನೂ ಹರಿದ ಶಾಲು ಹೊದ್ದ ಬರಿಗಾಲಿನ ಹೆಂಗಸೂ ದೀಪ ಬೆಳಗುತ್ತಿರುವ ಬಣ್ಣದ ಗಾಜಿನ ಕಿಟಕಿಯ ಕೆಳಗೆ ಸಾಗುತ್ತಿದ್ದಾರೆ. ಇಬ್ಬರೂ ತಲೆಯೆತ್ತಿ ಅದನ್ನು ನೋಡುತ್ತಿಲ್ಲ. ಬಡತನ, ಹೊರಗುಳಿದ ಭಾವ, ಹತ್ತಿರವೇ ಇದ್ದೂ ಕಾಣದ ಆಸರೆ ಎಂಬ ಅರ್ಥಗಳನ್ನು ಯಾವ ಪುಸ್ತಕವನ್ನೂ ತೆರೆಯದೆ ಚಿತ್ರದಿಂದಲೇ ಊಹಿಸಬಹುದು. ಕತ್ತಿಯ ಒಂಬತ್ತರಲ್ಲಿ ಹಾಸಿಗೆಯಲ್ಲಿ ಎದ್ದು ಕುಳಿತು ಮುಖ ಮುಚ್ಚಿಕೊಂಡ ವ್ಯಕ್ತಿಯಿದ್ದು, ಹಿಂದಿನ ಕತ್ತಲಲ್ಲಿ ಒಂಬತ್ತು ಕತ್ತಿಗಳು ಅಡ್ಡಡ್ಡಲಾಗಿ ತೂಗಿವೆ. ನಿದ್ದೆಗೆಟ್ಟ ರಾತ್ರಿಯನ್ನು ಕಂಡ ಯಾರಿಗೂ ಇದಕ್ಕೆ ವಿವರಣೆ ಬೇಕಾಗದು.

ಚಿತ್ರಗಳ ಮೂಲಗಳಲ್ಲಿ ಒಂದು ಖಚಿತವಾಗಿ ತಿಳಿದಿದೆ. ಹದಿನೈದನೆಯ ಶತಮಾನದ ಕೊನೆಯಲ್ಲಿ ಇಟಲಿಯಲ್ಲಿ ಕೆತ್ತಿದ ‘ಸೋಲಾ ಬುಸ್ಕಾ’ ಎಂಬ ಕಟ್ಟಿನಲ್ಲಿಯೂ ಅಂಕಿಯ ಎಲೆಗಳಿಗೆ ಪೂರ್ಣ ಚಿತ್ರಗಳಿವೆ. ಅದರ ಛಾಯಾಚಿತ್ರಗಳು 1907ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಬಂದವು. ಮೂರು ಕತ್ತಿಗಳು ಚುಚ್ಚಿದ ಹೃದಯದ ಚಿತ್ರ ಎರಡೂ ಕಟ್ಟುಗಳಲ್ಲಿದೆ. ಭಾರ ಹೊತ್ತು ಬಾಗಿದ ಮನುಷ್ಯನ ಚಿತ್ರವೂ ಹೀಗೆಯೇ ಹೋಲುತ್ತದೆ. ಮೇಜರ್ ಆರ್ಕಾನದ ಚಿತ್ರಗಳನ್ನು ವೇಟ್ ಸೂಕ್ಷ್ಮವಾಗಿ ನಿರ್ದೇಶಿಸಿದರೆಂದೂ ಅಂಕಿಯ ಎಲೆಗಳಲ್ಲಿ ಸ್ಮಿತ್ ಅವರಿಗೆ ಹೆಚ್ಚಿನ ಸ್ವಾತಂತ್ರ್ಯವಿತ್ತೆಂದೂ ಸಂಶೋಧಕರು ಸಾಮಾನ್ಯವಾಗಿ ಒಪ್ಪುತ್ತಾರೆ. ಹಾಗಿದ್ದಲ್ಲಿ, ಈ ಕಟ್ಟನ್ನು ಜನಪ್ರಿಯಗೊಳಿಸಿದ ಅಂಶವೇ ಹೆಸರು ಬಿಟ್ಟುಹೋದ ಕಲಾವಿದೆಯ ಕೊಡುಗೆ ಎಂದಾಗುತ್ತದೆ.

ಮೊದಲ ಕಟ್ಟಾಗಿ ಬಳಕೆ

ಆರಂಭಿಕರಿಗೆ ಈ ಕಟ್ಟನ್ನು ಸೂಚಿಸಲು ಮುಖ್ಯ ಕಾರಣ ಮೇಲೆ ಹೇಳಿದ 40 ಚಿತ್ರಗಳೇ. ಎರಡನೆಯ ಕಾರಣ ಪುಸ್ತಕಗಳದ್ದು. 1911ರಲ್ಲಿ ಬಂದ ವೇಟ್ ಅವರ ‘ದ ಪಿಕ್ಟೋರಿಯಲ್ ಕೀ ಟು ದ ಟ್ಯಾರೋ’, 1960ರಲ್ಲಿ ಬಂದ ಈಡನ್ ಗ್ರೇ ಅವರ ‘ಟ್ಯಾರೋ ರಿವೀಲ್ಡ್’, 1980ರ ದಶಕದ ಆರಂಭದಲ್ಲಿ ಎರಡು ಭಾಗಗಳಲ್ಲಿ ಬಂದ ರೇಚಲ್ ಪೊಲಾಕ್ ಅವರ ‘ಸೆವೆಂಟಿ ಎಯ್ಟ್ ಡಿಗ್ರೀಸ್ ಆಫ್ ವಿಸ್ಡಮ್’ ಮೊದಲಾದ ಹೆಚ್ಚಿನ ಕೈಪಿಡಿಗಳು ಇದೇ ಚಿತ್ರಗಳನ್ನು ಆಧರಿಸಿವೆ. ಹತ್ತು ಎಲೆಗಳ ‘ಕೆಲ್ಟಿಕ್ ಕ್ರಾಸ್’ ಹಾಸು ಜನಪ್ರಿಯವಾದದ್ದೂ ವೇಟ್ ಅವರ ಪುಸ್ತಕದ ಮೂಲಕ. ಕೈಯಲ್ಲಿರುವ ಕಟ್ಟಿಗೂ ಕಲಿಯುವ ಪುಸ್ತಕಕ್ಕೂ ತಾಳೆಯಾಗದಿದ್ದರೆ ಮೊದಲ ತಿಂಗಳಲ್ಲಿಯೇ ಕಲಿಕೆ ನಿಂತುಹೋಗುವುದುಂಟು.

ಉಳಿದ ಎರಡು ದೊಡ್ಡ ಪರಂಪರೆಗಳೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ‘ಟ್ಯಾರೋ ದ ಮಾರ್ಸೇ’ ಇವುಗಳಲ್ಲಿ ಹಳೆಯದು. ನಿಕೊಲಾ ಕೊನ್ವೇರ್ ಅವರ 1760ರ ಕಟ್ಟು ಅದರ ಪ್ರಸಿದ್ಧ ಮಾದರಿ. ಅದರ ಅಂಕಿಯ ಎಲೆಗಳಲ್ಲಿ ಕಥೆಯಿಲ್ಲ. ಸಂಖ್ಯೆ ಮತ್ತು ವರ್ಗಗಳ ಅರ್ಥವನ್ನು ಕಂಠಪಾಠ ಮಾಡಿ ಕೂಡಿಸಿಕೊಳ್ಳಬೇಕಾಗುತ್ತದೆ. ‘ಥಾತ್ ಟ್ಯಾರೋ’ ಆಲಿಸ್ಟರ್ ಕ್ರೌಲಿ ಅವರ ಯೋಜನೆ, ಲೇಡಿ ಫ್ರೀಡಾ ಹ್ಯಾರಿಸ್ ಅವರ ಕುಂಚ. 1938 ಮತ್ತು 1943ರ ನಡುವೆ ಬರೆದ ಆ ಚಿತ್ರಗಳು ಕಟ್ಟಾಗಿ ಮುದ್ರಣಗೊಂಡಾಗ ಇಬ್ಬರೂ ಬದುಕಿರಲಿಲ್ಲ. ಅದರಲ್ಲಿ ಅಂಕಿಯ ಎಲೆಗಳ ಮೇಲೆ ‘ದುಃಖ’, ‘ಸೋಲು’ ಎಂಬಂಥ ಒಂದೊಂದು ಪದವಿದೆ. ಜ್ಯೋತಿಷ್ಯ ಮತ್ತು ಕಬಾಲಾ ತಿಳಿಯದವರಿಗೆ ಅದು ಬೇಗ ಒಗ್ಗುವುದಿಲ್ಲ. ಹಾಗೆಂದು ಮಾರ್ಸೇ ಅಥವಾ ಥಾತ್ ಕಟ್ಟಿನಿಂದಲೇ ಶುರುಮಾಡಬಾರದೆಂಬ ನಿಯಮವೇನೂ ಇಲ್ಲ. ಫ್ರಾನ್ಸಿನಲ್ಲಿ ಬಹಳ ಮಂದಿ ಮಾರ್ಸೇ ಕಟ್ಟಿನಿಂದಲೇ ಕಲಿಯುತ್ತಾರೆ.

ಅಂಗಡಿಗಳಲ್ಲಿ ಟ್ಯಾರೋ ಪಕ್ಕದಲ್ಲಿಯೇ ಇಟ್ಟಿರುವ ‘ಒರಾಕಲ್’ ಕಟ್ಟುಗಳು ಬೇರೆ. ಅವುಗಳಿಗೆ ನಿಶ್ಚಿತ ಸಂಖ್ಯೆಯಾಗಲಿ ವರ್ಗಗಳಾಗಲಿ ಇಲ್ಲ. ತಯಾರಿಸಿದವರು ಬರೆದದ್ದೇ ಅರ್ಥ. 36 ಎಲೆಗಳ ‘ಲೆನೋರ್ಮಾ’ ಕಟ್ಟೂ ಪ್ರತ್ಯೇಕ ಪದ್ಧತಿ. ಪೆಟ್ಟಿಗೆಯ ಮೇಲೆ 78 ಎಲೆಗಳೆಂದು ಬರೆದಿದೆಯೇ ಎಂದು ನೋಡುವುದು ಇವನ್ನು ಪ್ರತ್ಯೇಕಿಸುವ ಸುಲಭ ದಾರಿ.

ಮೊದಲ ಕಟ್ಟನ್ನು ಸ್ವತಃ ಕೊಳ್ಳಬಾರದು, ಯಾರಾದರೂ ಉಡುಗೊರೆಯಾಗಿ ಕೊಡಬೇಕು ಎಂಬ ನಂಬಿಕೆ ವ್ಯಾಪಕವಾಗಿದೆ. ಇದಕ್ಕೆ ಐತಿಹಾಸಿಕ ಆಧಾರವಿಲ್ಲ. ವೇಟ್ ಅವರ ಕಟ್ಟು ಮೊದಲಿನಿಂದಲೂ ಪುಸ್ತಕದ ಜೊತೆ ಯಾರು ಬೇಕಾದರೂ ಕೊಳ್ಳಬಹುದಾದ ಸರಕಾಗಿಯೇ ಮಾರುಕಟ್ಟೆಗೆ ಬಂದಿತು.

ಆಯ್ಕೆಯಲ್ಲಿ ಉಳಿಯುವ ಪ್ರಶ್ನೆಗಳು ಬಹುತೇಕ ಕೈಗೆ ಸಂಬಂಧಿಸಿದವು. ಸಾಮಾನ್ಯ ಅಳತೆಯ ಎಲೆ ಸುಮಾರು 7 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದವಿದ್ದು ಇಸ್ಪೀಟು ಎಲೆಗಿಂತ ಗಣನೀಯವಾಗಿ ದೊಡ್ಡದು. 78 ಎಲೆಗಳನ್ನು ಕಲಸುವುದು ಚಿಕ್ಕ ಕೈಗಳಿಗೆ ಕಷ್ಟವಾಗುವುದರಿಂದ ಕಿರಿಯ ಅಳತೆಯ ಮುದ್ರಣಗಳೂ ದೊರೆಯುತ್ತವೆ. ತಲೆಕೆಳಗಾಗಿ ಬಂದ ಎಲೆಗೆ ಬೇರೆ ಅರ್ಥ ಹೇಳುವ ಪದ್ಧತಿಯನ್ನು ಅನುಸರಿಸುವವರಿಗೆ ಎಲೆಯ ಬೆನ್ನಿನ ವಿನ್ಯಾಸ ಮೇಲೆ ಕೆಳಗೆ ಒಂದೇ ಆಗಿರಬೇಕು. ಇಲ್ಲವಾದರೆ ತಿರುಗಿಸುವ ಮೊದಲೇ ಯಾವುದು ತಲೆಕೆಳಗಿದೆಯೆಂದು ತಿಳಿದುಹೋಗುತ್ತದೆ.

ಆವೃತ್ತಿಗಳು ಮತ್ತು ಹಕ್ಕುಸ್ವಾಮ್ಯ

ಅಮೆರಿಕದಲ್ಲಿ ಈ ಕಟ್ಟಿನ ಅನಧಿಕೃತ ನಕಲುಗಳು 1910ರ ದಶಕದಲ್ಲಿಯೇ ಕಾಣಿಸಿಕೊಂಡವು. ವ್ಯಾಪಕ ಪ್ರಸಾರ ದೊರೆತದ್ದು 1971ರಲ್ಲಿ, ಸ್ಟುವರ್ಟ್ ಕಪ್ಲಾನ್ ಅವರ ಯು.ಎಸ್. ಗೇಮ್ಸ್ ಸಿಸ್ಟಮ್ಸ್ ಸಂಸ್ಥೆ ಪ್ರಕಟಣೆಯ ಹಕ್ಕು ಪಡೆದ ಮೇಲೆ. ಹಳದಿ ಪೆಟ್ಟಿಗೆಯಲ್ಲಿ ಬರುವ ಆ ಮುದ್ರಣವೇ ಇಂದು ಬಹುಮಂದಿಗೆ ಪರಿಚಿತ. ಅದರ ಬಣ್ಣಗಳು ಗಾಢವೂ ಸಪಾಟವೂ ಆಗಿವೆ. ಮೇರಿ ಹ್ಯಾನ್ಸನ್ ರಾಬರ್ಟ್ಸ್ ಮೃದುವಾದ ಛಾಯೆಗಳಲ್ಲಿ ಮರುಬಣ್ಣ ತುಂಬಿದ ‘ಯೂನಿವರ್ಸಲ್ ವೇಟ್’ 1990ರಲ್ಲಿ ಬಂದಿತು. ಹೊಳಪು ಬಣ್ಣದ ‘ರೇಡಿಯೆಂಟ್’ ಮುದ್ರಣ 2003ರದ್ದು. ನೂರನೆಯ ವರ್ಷವಾದ 2009ರಲ್ಲಿ ಹೊರಬಂದ ಸ್ಮರಣ ಸಂಪುಟದಲ್ಲಿ ಮೂಲ ಮುದ್ರಣದ ಮಾಸಲು ಬಣ್ಣಗಳನ್ನು ಮರಳಿ ತರಲಾಯಿತು. ಸ್ಮಿತ್ ಅವರ ಇತರ ಚಿತ್ರಗಳೂ ಅದರೊಡನೆ ಅಚ್ಚಾದವು. ಸನ್ನಿವೇಶಗಳು ಎಲ್ಲದರಲ್ಲಿಯೂ ಒಂದೇ ಆದ್ದರಿಂದ ಕಲಿಯುವವರು ಕಣ್ಣಿಗೆ ಹಿತವಾದ ಬಣ್ಣವನ್ನು ಆರಿಸಿಕೊಂಡರೆ ನಷ್ಟವೇನಿಲ್ಲ.

ಮೂಲಚಿತ್ರಗಳು ಈಗ ಸಾರ್ವಜನಿಕ ಸ್ವತ್ತು. ಕಲಾವಿದರ ಮರಣಾನಂತರ 70 ವರ್ಷಗಳ ರಕ್ಷಣೆಯಿರುವ ಬ್ರಿಟನ್ನಿನಲ್ಲಿ 2022ರ ಜನವರಿ 1ರಿಂದ ಅವು ಮುಕ್ತವಾದವು. ಭಾರತದ ಕಾನೂನಿನಲ್ಲಿ ಈ ಅವಧಿ 60 ವರ್ಷ. ಆ ಲೆಕ್ಕದಲ್ಲಿ ಇಲ್ಲಿ ಅದು 2011ರ ಕೊನೆಗೇ ಮುಗಿದಿದೆ. ಹೊಸದಾಗಿ ಬಣ್ಣ ತುಂಬಿದ ಮುದ್ರಣಗಳ ವಿಷಯ ಬೇರೆ. ಆದ್ದರಿಂದ 1909ರ ಚಿತ್ರಗಳನ್ನು ಕಡಿಮೆ ಬೆಲೆಗೆ ಯಾರಾದರೂ ಮುದ್ರಿಸಿ ಮಾರಿದರೆ ಅದು ತನ್ನಷ್ಟಕ್ಕೆ ಕಳ್ಳಮಾಲಲ್ಲ. ಆದರೆ ಈಗ ಬದುಕಿರುವ ಕಲಾವಿದರ ಹೊಸ ಕಟ್ಟುಗಳ ನಕಲಿಗಳೂ ಅದೇ ಆನ್‌ಲೈನ್ ಮಳಿಗೆಗಳಲ್ಲಿ ಅದೇ ಬೆಲೆಗೆ ಸಿಗುತ್ತವೆ. ತೆಳುವಾದ ಕಾಗದ, ಮಸುಕಾದ ಅಚ್ಚು, ಅಂಚು ಕತ್ತರಿಸಿಹೋದ ಚಿತ್ರ, ಪುಸ್ತಕದ ಬದಲು ಪೆಟ್ಟಿಗೆಯಲ್ಲಿ ಒಂದು ಕ್ಯೂಆರ್ ಕೋಡ್, ಕಲಾವಿದರ ಹೆಸರೇ ಇಲ್ಲದಿರುವುದು ಇವು ನಕಲಿಯ ಸಾಮಾನ್ಯ ಗುರುತುಗಳು. ಇಂಥ ಮಾರಾಟದಿಂದ ಚಿತ್ರ ಬರೆದವರಿಗೆ ಏನೂ ಸಲ್ಲುವುದಿಲ್ಲ.

ಪ್ರಭಾವ ಮತ್ತು ಟೀಕೆ

1970ರ ದಶಕದಿಂದೀಚೆಗೆ ಬಂದ ಬಹುಪಾಲು ಹೊಸ ಕಟ್ಟುಗಳು ಸ್ಮಿತ್ ಅವರ ಚಿತ್ರಗಳ ಚೌಕಟ್ಟನ್ನೇ ಅನುಸರಿಸಿವೆ. 1979ರ ‘ಮಾರ್ಗನ್–ಗ್ರಿಯರ್’ ಅಂಚುಗಳನ್ನು ತೆಗೆದು ಪಾತ್ರಗಳನ್ನು ಹತ್ತಿರಕ್ಕೆ ತಂದಿತು. ಮೂಲ ಕಟ್ಟಿನಲ್ಲಿ ಇರುವವರೆಲ್ಲ ಬಿಳಿಯ ಬಣ್ಣದ, ಮಧ್ಯಯುಗದ ಯುರೋಪಿನ ಉಡುಪಿನ ಜನ ಎಂಬ ಆಕ್ಷೇಪಕ್ಕೆ ಉತ್ತರವಾಗಿಯೂ ಅನೇಕ ಕಟ್ಟುಗಳು ಬಂದಿವೆ; ಲೀಸಾ ಸ್ಟರ್ಲ್ ಅವರ ‘ಮಾಡರ್ನ್ ವಿಚ್ ಟ್ಯಾರೋ’ ಅದೇ ಸನ್ನಿವೇಶಗಳನ್ನು ಇಂದಿನ ನಗರದ ನಾನಾ ಬಣ್ಣದ ಹೆಣ್ಣುಗಳಿಗೆ ಒಪ್ಪಿಸುತ್ತದೆ. ಮೂಲವನ್ನು ಬಲ್ಲವರಿಗೆ ಇವೆಲ್ಲ ಸುಲಭವಾಗಿ ಓದಸಿಗುತ್ತವೆ.

ಟ್ಯಾರೋ ಭವಿಷ್ಯವನ್ನು ತಿಳಿಸುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆಯಿಲ್ಲ. ಓದಿದ್ದು ತನಗೇ ಹೇಳಿದಂತಿದೆ ಎಂದು ಅನ್ನಿಸುವುದಕ್ಕೆ ಮನಶ್ಶಾಸ್ತ್ರ ಬೇರೆ ವಿವರಣೆ ನೀಡುತ್ತದೆ. 1948ರಲ್ಲಿ ಅಮೆರಿಕದ ಬರ್ಟ್ರಾಮ್ ಫೋರರ್ ತಮ್ಮ ವಿದ್ಯಾರ್ಥಿಗಳಿಗೆಲ್ಲ ಒಂದೇ ವ್ಯಕ್ತಿತ್ವ ವಿವರಣೆಯನ್ನು ಕೊಟ್ಟು, ಅದು ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಸಿದ್ಧಪಡಿಸಿದ್ದೆಂದು ನಂಬಿಸಿದರು. ಅದರ ನಿಖರತೆಗೆ ವಿದ್ಯಾರ್ಥಿಗಳು 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು. ತತ್ತ್ವಶಾಸ್ತ್ರಜ್ಞ ಮೈಕೆಲ್ ಡಮೆಟ್ 1980ರ ‘ದ ಗೇಮ್ ಆಫ್ ಟ್ಯಾರೋ’ ಎಂಬ ಗ್ರಂಥದಲ್ಲಿ ಟ್ಯಾರೋ ಮೂರು ಶತಮಾನಗಳಿಗೂ ಹೆಚ್ಚು ಕಾಲ ಮುಖ್ಯವಾಗಿ ಆಟವಾಗಿಯೇ ಇತ್ತೆಂಬುದನ್ನು ವಿಸ್ತಾರವಾಗಿ ತೋರಿಸಿದ್ದಾರೆ. ಇಂದು ಹಲವರು ಎಲೆಗಳನ್ನು ಭವಿಷ್ಯಕ್ಕಾಗಿ ಅಲ್ಲದೆ ಆತ್ಮಾವಲೋಕನಕ್ಕೆ, ದಿನಚರಿ ಬರೆಯಲು, ಕಥೆ ಕಟ್ಟಲು ನೆಪವಾಗಿ ಬಳಸುತ್ತಾರೆ.

ಸಾಮಾನ್ಯ ಓದುಗರಲ್ಲಿ ಹೆಚ್ಚು ಭಯ ಹುಟ್ಟಿಸುವುದು 13ನೆಯ ಎಲೆಯಾದ ‘ಮರಣ’. ಬಿಳಿಯ ಕುದುರೆಯೇರಿದ ಅಸ್ಥಿಪಂಜರ, ಅದರ ಕೈಯಲ್ಲಿ ಬಿಳಿ ಗುಲಾಬಿಯ ಗುರುತುಳ್ಳ ಕರಿಯ ಬಾವುಟ. ಕೆಳಗೆ ಬಿದ್ದ ರಾಜ, ಕೈಜೋಡಿಸಿ ನಿಂತ ಧರ್ಮಗುರು, ಮುಖ ತಿರುಗಿಸಿದ ತರುಣಿ, ನೇರವಾಗಿ ನೋಡುತ್ತಿರುವ ಮಗು. ಹಿಂದೆ ಎರಡು ಗೋಪುರಗಳ ನಡುವೆ ಸೂರ್ಯನಿದ್ದಾನೆ. ಕೈಪಿಡಿಗಳು ಈ ಎಲೆಗೆ ದೇಹದ ಸಾವಿನ ಬದಲು ಒಂದು ಘಟ್ಟದ ಮುಕ್ತಾಯ, ಬದಲಾವಣೆ ಎಂಬ ಅರ್ಥವನ್ನೇ ಮುಖ್ಯವಾಗಿ ಹೇಳುತ್ತವೆ. ಈ ಎಲೆಯನ್ನು ತೋರಿಸಿ ಹೆದರಿಸಿ, ದೋಷಪರಿಹಾರದ ಹೆಸರಿನಲ್ಲಿ ಹಣ ಕೇಳುವುದಕ್ಕೆ ವೇಟ್ ಅವರ ಪುಸ್ತಕದಲ್ಲಾಗಲಿ ಮೇಲೆ ಹೆಸರಿಸಿದ ಇತರ ಕೈಪಿಡಿಗಳಲ್ಲಾಗಲಿ ಯಾವ ಆಧಾರವೂ ಇಲ್ಲ.